ಉಡಿ ಸೇರಿದ ಕಾದಂಬರಿ

ಗಾದಿಲಿಂಗಪ್ಪನವರಿಗೆ ಈ ಲೋಕದ ಮೇಲಿದ್ದ ದೂರು ಒಂದೇ. ಅವರ ಕಾದಂಬರಿಯನ್ನು ಯಾರೂ ಓದಿರಲಿಲ್ಲ.

ಯಾರೂ ಮೆಚ್ಚಿರಲಿಲ್ಲ ಅಂತಲ್ಲ. ಮೆಚ್ಚಿದವರು ಬೇಕಾದಷ್ಟು ಮಂದಿ. “ಭಾಳ ಛಲೋ ಬರದೀರಿ ಸರ್ರ” ಎಂದು ಕೈ ಕುಲುಕುವವರು ಬಳ್ಳಾರಿಯ ಗಾಂಧಿನಗರದಲ್ಲಿ ಬೀದಿಗೊಬ್ಬರು ಸಿಗುತ್ತಿದ್ದರು. “ಯಾವ ಭಾಗ ಛಲೋ ಅನಿಸ್ತು?” ಎಂದು ಇವರು ಕೇಳಿದರೆ ಸಾಕು, ಅವರಿಗೆ ಅದೇ ಹೊತ್ತಿಗೆ ಫೋನ್ ಬಂದುಬಿಡುತ್ತಿತ್ತು. (ಆ ಫೋನು ರಿಂಗಾದದ್ದನ್ನು ಮಾತ್ರ ಯಾರೂ ಕೇಳಿದವರಿಲ್ಲ.)

ನೀರಾವರಿ ಇಲಾಖೆಯಲ್ಲಿ ಜೀವಮಾನವಿಡೀ ಕಾಲುವೆ ಕಾಯ್ದು, ನಿವೃತ್ತರಾದ ಮೇಲೆ ಅವರು ಬರೆದ ಏಕಮಾತ್ರ ಕೃತಿ ‘ನಡುಹಗಲಿನ ನಿಟ್ಟುಸಿರು’. ಅದರಲ್ಲಿ ಒಬ್ಬ ಮನುಷ್ಯ ಬಳ್ಳಾರಿಯ ಬಿಸಿಲಿನಲ್ಲಿ ಕಲ್ಲುಬಂಡೆಯ ಮೇಲೆ ಕೂತು ಬದುಕಿನ ಬಗ್ಗೆ ಯೋಚಿಸುತ್ತಾನೆ. ಮೊದಲ ಅಧ್ಯಾಯದಲ್ಲಿ ಕೂರುತ್ತಾನೆ, ಕೊನೆಯ ಅಧ್ಯಾಯದಲ್ಲಿ ಏಳುತ್ತಾನೆ. ನಡುವೆ ಬೆವರುತ್ತಾನೆ. ಮುಖಪುಟಕ್ಕೆ ಕಲಾವಿದರು ಬಿಸಿಲನ್ನು ತೋರಿಸಲು ಅಚ್ಚ ಹಳದಿ ಬಳಿದು, ನಡುವೆ ಕೆಂಪನೆಯ ಸೂರ್ಯನನ್ನು ಇಟ್ಟಿದ್ದರು. ಪುಸ್ತಕದ ಬಗ್ಗೆ ಊರಿನಲ್ಲಿ ಒಮ್ಮತವಿದ್ದ ಸಂಗತಿ ಅದೊಂದೇ, ಮುಖಪುಟ ಛಂದ ಐತಿ ಎಂಬುದು.

ಗಾದಿಲಿಂಗಪ್ಪನವರು ಸುಲಭಕ್ಕೆ ಸೋಲುವವರಲ್ಲ. ಮೊಬೈಲಿನಲ್ಲಿ ಯಾರೋ ನಡೆಸಿದ ‘ಲೇಖಕರಿಗೆ ಮಾರ್ಕೆಟಿಂಗ್’ ತರಗತಿಗೆ ಸೇರಿಕೊಂಡು ಒಂದು ಮಹಾಮಂತ್ರವನ್ನು ಕಲಿತಿದ್ದರು. ಪುಸ್ತಕ ಎಂದೂ ಹಳೆಯದಾಗುವುದಿಲ್ಲ, ಹಳೆಯದಾಗುವುದು ಪ್ರಚಾರ. ಆದ್ದರಿಂದ ವರ್ಷ ವರ್ಷವೂ ಪ್ರಚಾರಕ್ಕೆ ಹೊಸ ಅಂಗಿ ತೊಡಿಸಬೇಕು. ಮೊದಲ ವರ್ಷ ಪುಸ್ತಕದ ಲೋಕಾರ್ಪಣೆಯಾಯಿತು. ಎರಡನೆಯ ವರ್ಷ ಪುಸ್ತಕದ ಹುಟ್ಟುಹಬ್ಬ, ಕೇಕಿನ ಸಮೇತ. ಮೂರನೆಯ ವರ್ಷ, ಮಗುವಿನ ಮೊದಲ ಕೂದಲು ತೆಗೆಸುವಂತೆ, ಜವಳ. ಅಂದರೆ ನಾಲ್ಕು ಜನರನ್ನು ಕರೆಸಿ, ಪೂಜೆ ಮಾಡಿಸಿ, ಪುಸ್ತಕದ ಅಂಚನ್ನು ಒಂದು ಎಳೆಯಷ್ಟು ಕತ್ತರಿಸಿದರು. ಬಂದವರು ಊಟ ಮಾಡಿ ಹೋದರು. ಮುಂದೆ ಅಕ್ಷರಾಭ್ಯಾಸವನ್ನೂ ಮಾಡಿಸಿಬಿಡೋಣ ಎಂದಾಗ ಹೆಂಡತಿ ಸುನಂದಮ್ಮ “ಅದಕ್ಕ ಆಗಲೇ ಅಕ್ಷರ ಬರ್ತಾವಲ್ರೀ” ಎಂದು ತಡೆದಿದ್ದರು.

ಆಮೇಲೆ ಮಿರ್ಚಿ ಪ್ರಯೋಗ ನಡೆಯಿತು. ಕಂಟೋನ್ಮೆಂಟಿನ ಮಿರ್ಚಿ ಬಂಡಿಯವನಿಗೆ ಮೊದಲನೆಯ ಅಧ್ಯಾಯದ ಹಾಳೆಗಳನ್ನು ಕಟ್ಟುಗಟ್ಟಲೆ ಅಚ್ಚು ಹಾಕಿಸಿ, ಮಿರ್ಚಿ ಕಟ್ಟಿಕೊಡಲೆಂದು ಪುಕ್ಕಟೆ ಕೊಟ್ಟರು. ಜನ ಮಿರ್ಚಿ ತಿನ್ನುತ್ತಾ ಓದಲಿ, ಮುಂದೇನಾಯಿತು ಎಂಬ ತಹತಹ ಹುಟ್ಟಲಿ, ಎರಡನೆಯ ಅಧ್ಯಾಯ ಹುಡುಕಿಕೊಂಡು ಮನೆಗೆ ಬರಲಿ ಎಂಬುದು ಲೆಕ್ಕಾಚಾರ. ಒಬ್ಬ ನಿಜಕ್ಕೂ ಮನೆಗೆ ಬಂದ. ಗಾದಿಲಿಂಗಪ್ಪನವರು ಓಡೋಡಿ ಹೋಗಿ ಬಾಗಿಲು ತೆಗೆದರೆ, ಆತ ಮಿರ್ಚಿಗೆ ಅಂಟಿದ ಶಾಯಿ ತೋರಿಸಿ ಜಗಳ ಆಡಿ ಹೋದ.

“ಸಾಕು ಮಾಡ್ರಿ. ಮಂಚದ ಕೆಳಗ ಪುಸ್ತಕ, ಅಟ್ಟದ ಮ್ಯಾಲೆ ಪುಸ್ತಕ. ನಿನ್ನೆ ಅಕ್ಕಿ ಡಬ್ಬಿಗೆ ಕೈ ಹಾಕಿದ್ರ ಅಲ್ಲೂ ಎರಡು ಸಿಕ್ವು” ಎಂದರು ಸುನಂದಮ್ಮ.

“ಅಕ್ಕಿ ಡಬ್ಬಿಗೆ ಇಲಿ ಬರಂಗಿಲ್ಲ ಅಂತ ಇಟ್ಟಿದ್ದೆ.”

“ಇಲಿಗಾದ್ರೂ ಬಿಡ್ರಿ. ಅದಾದ್ರೂ ನಾಕು ಹಾಳಿ ಮುಗಸ್ತೈತಿ.”

ಇಂಥ ಮಾತಿಗೆ ಬೇರೆ ಗಂಡಸಾದರೆ ಎದ್ದು ಹೋಗುತ್ತಿದ್ದ. ಗಾದಿಲಿಂಗಪ್ಪನವರು ಎದ್ದು ಹೋಗಲಿಲ್ಲ, ಏಕೆಂದರೆ ಆ ಗಳಿಗೆಯಲ್ಲಿ ಅವರ ಕಣ್ಣು ಹೆಂಡತಿಯ ಕೈಯಲ್ಲಿದ್ದ ಜಂಪರ್ ಪೀಸಿನ ಮೇಲೆ ನೆಟ್ಟಿತ್ತು.

ಜಂಪರ್ ಪೀಸಿನ ಸಂಗತಿ ಗೊತ್ತಿಲ್ಲದವರು ನಮ್ಮ ಕಡೆ ಇಲ್ಲ. ಮನೆಗೆ ಬಂದ ಮುತ್ತೈದೆಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲೆ ಅಡಿಕೆಯ ಜೊತೆ ಒಂದು ಜಂಪರ್ ಪೀಸು ಎಂಬ ರವಿಕೆಯ ಬಟ್ಟೆಯನ್ನು ಮಡಿಲಿಗೆ ಹಾಕಿ ಉಡಿ ತುಂಬಿ ಕಳಿಸುತ್ತಾರೆ. ಆಕೆ ಅದನ್ನು ಹೊಲಿಸುವುದಿಲ್ಲ. ಕಪಾಟಿನಲ್ಲಿಟ್ಟು, ತನ್ನ ಮನೆಗೆ ಬಂದವಳ ಉಡಿಗೆ ಹಾಕುತ್ತಾಳೆ. ಆಕೆ ಇನ್ನೊಬ್ಬಳಿಗೆ, ಇನ್ನೊಬ್ಬಳು ಮತ್ತೊಬ್ಬಳಿಗೆ. ಒಂದೊಂದು ಪೀಸು ಮದುವೆಯಾಗಿ ಬಂದ ಸೊಸೆ ಅಜ್ಜಿಯಾಗುವವರೆಗೂ ತಾಲ್ಲೂಕು ತಾಲ್ಲೂಕು ತಿರುಗುತ್ತಿರುತ್ತದೆ. ಇದಕ್ಕೆ ಇರುವ ನಿಯಮ ಒಂದೇ, ಕೊಟ್ಟವರಿಗೇ ತಿರುಗಿ ಕೊಡಬಾರದು. ಸುನಂದಮ್ಮ ಕಪಾಟಿನ ಮುಂದೆ ನಿಂತು, ಯಾವುದು ಯಾರು ಕೊಟ್ಟದ್ದು ಎಂದು ನೆನೆಸಿಕೊಳ್ಳುತ್ತಿದ್ದರು.

ಗಾದಿಲಿಂಗಪ್ಪನವರ ತಲೆಯಲ್ಲಿ ಕಾಲುವೆಯ ತೂಬು ತೆರೆಯಿತು. ಎಲಾ! ಯಾರ ಪ್ರಚಾರವೂ ಇಲ್ಲದೆ, ಒಂದು ದಿನವೂ ನಿಲ್ಲದೆ, ಎಷ್ಟು ವರ್ಷವಾದರೂ ಹಳೆಯದಾಗದೆ ಮನೆಯಿಂದ ಮನೆಗೆ ಹರಿಯುವ ವಸ್ತು ಇದು! ಮುಖ್ಯ ಕಾಲುವೆ, ಉಪಕಾಲುವೆ, ಹೊಲಗಾಲುವೆ, ಕೊನೆಯ ಹೊಲದ ರೈತನಿಗೂ ನೀರು!

“ಸುನಂದಾ, ಇನ್ನ ಮ್ಯಾಲೆ ಉಡಿಯೊಳಗ ಜಂಪರ್ ಪೀಸಿನ ಬದ್ಲಿ ನನ್ನ ಪುಸ್ತಕ ಹಾಕು.”

ಸುನಂದಮ್ಮ ಗಂಡನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ. ಪುಸ್ತಕವನ್ನು ಕೈಗೆ ತೆಗೆದುಕೊಂಡು ಅತ್ತಿತ್ತ ತಿರುಗಿಸಿದರು. ಅರಿಶಿಣದ ಬಣ್ಣ, ನಡುವೆ ಕುಂಕುಮದ ಬೊಟ್ಟು. ಶಾಸ್ತ್ರಕ್ಕೆ ಇದಕ್ಕಿಂತ ಹೊಂದುವ ವಸ್ತು ಬಟ್ಟೆ ಅಂಗಡಿಯಲ್ಲೂ ಸಿಗುವಂತಿರಲಿಲ್ಲ.

“ಮಂಚದ ಕೆಳಗ ಖಾಲಿ ಆಕ್ಕೈತಲ್ಲ, ಆಗ್ಲಿ” ಎಂದರು.

ಖಾಲಿಯಾದದ್ದು ಮಂಚದ ಕೆಳಗಷ್ಟೇ ಅಲ್ಲ. ಶ್ರಾವಣ ಮುಗಿಯುವ ಹೊತ್ತಿಗೆ ಅಟ್ಟ ಖಾಲಿ, ದಸರೆಗೆ ಅಕ್ಕಿ ಡಬ್ಬಿ ಖಾಲಿ. ಗಾಂಧಿನಗರದ ಹೆಣ್ಣುಮಕ್ಕಳು ಬಂದು “ಇನ್ನೊಂದೆರಡು ಅದಾವೇನ್ರಿ ಆ ಅರಿಶಿಣದ ಪುಸ್ತಕ?” ಎಂದು ಕೇಳಿ ಒಯ್ದರು. ಗಾದಿಲಿಂಗಪ್ಪನವರು ಕನ್ನಡಿಯ ಮುಂದೆ ನಿಂತು, ಸಂದರ್ಶನಕ್ಕೆ ಹೇಗೆ ಕೂರಬೇಕೆಂದು ಅಭ್ಯಾಸ ಮಾಡತೊಡಗಿದರು. ಇನ್ನು ಉಳಿದದ್ದು ಒಂದೇ, ಓದಿದವರ ಬಾಯಿಂದ ಒಂದು ಮಾತು ಕೇಳುವುದು.

ಅದಕ್ಕಾಗಿ ಅವರು ಸಿರುಗುಪ್ಪಕ್ಕೆ ಹೊರಟರು. ಸುನಂದಮ್ಮನ ತಂಗಿ ಅರುಣಾಳ ಮನೆಯಲ್ಲಿ ಅವಳ ಬಸುರಿ ಮಗಳ ಕುಬುಸದ ಕಾರ್ಯಕ್ರಮವಿತ್ತು. ಪಡಸಾಲೆಗೆ ಕಾಲಿಟ್ಟ ಗಾದಿಲಿಂಗಪ್ಪನವರ ಎದೆ ತುಂಬಿ ಬಂತು. ಸಾಲಾಗಿ ಜೋಡಿಸಿದ್ದ ತಟ್ಟೆಗಳಲ್ಲಿ ಕೊಬ್ಬರಿಯ ಪಕ್ಕ, ಬಾಳೆಹಣ್ಣಿನ ಪಕ್ಕ, ಎಲ್ಲಿ ನೋಡಿದರೂ ‘ನಡುಹಗಲಿನ ನಿಟ್ಟುಸಿರು’. ಬಸುರಿಯ ಉಡಿಯಲ್ಲಂತೂ ಅವರ ಸಮಗ್ರ ಸಾಹಿತ್ಯ ಏಳು ಪ್ರತಿಗಳಲ್ಲಿ ಬಿದ್ದಿತ್ತು, ಆ ಹುಡುಗಿಗೆ ಏಳಲಾಗುತ್ತಿರಲಿಲ್ಲ.

“ಮಾವಾರ, ನಿಮ್ಮ ಪುಸ್ತಕ ಇಲ್ದ ಈಗ ಸಿರುಗುಪ್ಪದಾಗ ಒಂದ್ ಕಾರ್ಯ ಆಗಂಗಿಲ್ಲ ನೋಡ್ರಿ” ಎಂದಳು ಅರುಣಾ.

“ನೀ ಓದಿದೇನವಾ?”

ಅರುಣಾ ಸುತ್ತ ನೋಡಿ, ದನಿ ತಗ್ಗಿಸಿದಳು. “ಎಷ್ಟ್ ಮಂದಿ ಅದಾರ, ಏನ್ ಕೇಳ್ತೀರಿ ಮಾವಾರ?” ಎಂದು ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು. ಕೇಳಬಾರದ್ದೇನನ್ನೋ ಕೇಳಿದೆನೇ ಎಂದು ಗಾದಿಲಿಂಗಪ್ಪನವರಿಗೆ ಅನುಮಾನವಾಯಿತು. ಪಕ್ಕದಲ್ಲಿ ಸುನಂದಮ್ಮನ ದೊಡ್ಡವ್ವ ಕೊಟ್ರಬಸಮ್ಮ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದರು. ದೇಶನೂರಿನ ಗದ್ದೆಮನೆಯ ಹಿರಿಯಾಕೆ, ಸಾಲಿ ಕಲಿತವರು, ಈಗಲೂ ಕನ್ನಡಕವಿಲ್ಲದೆ ಪಂಚಾಂಗ ಓದುವವರು. ಓದಿದ್ದರೆ ಇವರೇ ಓದಿರಬೇಕು.

“ದೊಡ್ಡವ್ವಾ, ನಿಮ್ಮ ಮನಿಗೂ ಬಂದಿತ್ತಂತ ನನ್ನ ಪುಸ್ತಕ. ಓದಿದ್ರೇನು?”

ಕೊಟ್ರಬಸಮ್ಮನವರ ಕುಟ್ಟಣಿ ನಿಂತಿತು.

“ಅಳಿಯಪ್ಪಾ, ನಮ್ಮ ಮನೆತನ ಏನು, ನಾವೇನು! ದೊಡ್ಡ ಬಸವಣ್ಣನ ಆಣಿ ಮಾಡಿ ಹೇಳ್ತೀನಿ, ಒಂದ್ ಹಾಳಿ ತಿರುವಿದ್ರ ಕೇಳು. ನಾಕ್ ಪ್ರತಿ ಬಂದಿದ್ವು. ಬಂದಂಗ ಕಳಿಸೀನಿ, ಮಡಿಯಾಗ.”

“ಅಲ್ರಿ, ಓದಿದ್ರ ತಪ್ಪೇನು?”

“ತಪ್ಪೇನು ಅಂತಾನ ನೋಡ್ರೇ!” ಕೊಟ್ರಬಸಮ್ಮ ಸುತ್ತ ಕೂತವರಿಗೆ ದೂರಿದರು. “ಹೊಲಿಸಿದ ಜಂಪರು ಯಾರರ ಉಡಿಗೆ ಹಾಕ್ತಾರೇನಪ್ಪಾ? ಓದಿದ ಪುಸ್ತಕನೂ ಹಂಗ. ಓದಿದ್ದು ಅಂದ್ರ ಉಟ್ಟು ಬಿಟ್ಟಿದ್ದು. ಆ ಅಂಜಿನಿ ಸೊಸಿ ಕಾವೇರಿ ಒಂದಿನ ಊಟ ಆದಮ್ಯಾಲೆ ಸುಮ್ನ ತಗದು ನೋಡಿದ್ಲಂತ. ಊರ ತುಂಬ ಸುದ್ದಿ. ಈಗ ಆಕಿ ಕೊಟ್ಟಿದ್ದನ್ನ ಬಿಚ್ಚಿ, ಹಾಳಿ ಮೂಸಿ ನೋಡ್ತಾರ.”

ಗಾದಿಲಿಂಗಪ್ಪನವರಿಗೆ ಕೂತಲ್ಲೇ ಬೆವರು ಕಿತ್ತುಬಂತು, ಅವರ ಕಥಾನಾಯಕನಿಗೂ ಅಷ್ಟು ಬಂದಿರಲಿಕ್ಕಿಲ್ಲ. ಪ್ರಪಂಚದಲ್ಲಿ ಓದದೆ ಉಳಿದ ಪುಸ್ತಕಗಳು ಲಕ್ಷ ಇರಬಹುದು. ಆದರೆ ಓದಲೇಬಾರದು ಎಂಬ ಕಟ್ಟಳೆಯಾದ ಪುಸ್ತಕ ತಮ್ಮದೊಂದೇ, ಮತ್ತು ಆ ಕಟ್ಟಳೆಗೆ ಕಾರಣ ತಾವೇ. ಓದಿದ ಆ ಕಾವೇರಿಯನ್ನಾದರೂ ಕಾಣಬೇಕೆಂದು ಹುಡುಕಿಕೊಂಡು ಹೋದರು. ಆಕೆ ಬಾಗಿಲ ಸಂದಿಯಿಂದಲೇ ಕೈ ಮುಗಿದು, “ಯಣ್ಣಾ, ಸುಳ್ಳ ಹೇಳ್ತಾರ. ನಾ ಬರೇ ಒಳಗ ನವಿಲುಗರಿ ಐತೇನಂತ ನೋಡಿದ್ದೆ. ಅಕ್ಷರದ ಮ್ಯಾಲೆ ಕಣ್ಣ ಹಾಕಿಲ್ಲ” ಎಂದು ಅತ್ತಳು.

ಬಳ್ಳಾರಿಯ ಮನೆಗೆ ಮರಳಿದ ಗಾದಿಲಿಂಗಪ್ಪನವರು ಪಂಪಿನಂತೆ ಉಸಿರು ಬಿಡುತ್ತಾ ಕೂತರು.

“ನಿನಗ ಇದು ಗೊತ್ತಿತ್ತೇನು?”

“ಗೊತ್ತಿಲ್ದ ಏನ್ರಿ” ಎಂದರು ಸುನಂದಮ್ಮ, ಬದನೆಕಾಯಿ ಹೆಚ್ಚುತ್ತಾ. “ಕೊಡುವಾಗ ಎಲ್ಲಾರೂ ಕೇಳ್ತಿದ್ರು, ಓದಿಲ್ಲ ಹೌದಲ್ಲ ಅಂತ. ಯಾರೂ ಓದಿಲ್ಲಂತ ನಿಮ್ಮ ಹೆಸರ್ಲೇ ಗ್ಯಾರಂಟಿ ಕೊಟ್ಟೀನಿ. ಸುಳ್ಳೇನು ಅದು?”

ಸುಳ್ಳೆಂದು ಅನ್ನಲಾಗದೆ ಗಾದಿಲಿಂಗಪ್ಪನವರು ಈ ಸಲ ಎದ್ದು ಹೋದರು.

ಈ ನಡುವೆ ಕುರುಗೋಡಿನ ಮಹಿಳಾ ಮಂಡಳಿಯಿಂದ ಕರೆ ಬಂತು. ಮಂಡಳಿಯ ಅಧ್ಯಕ್ಷೆ ಅಕ್ಕನಾಗಮ್ಮ ಫೋನಿನಲ್ಲಿ, “ಸರ್ರ, ನಮ್ಮೂರಾಗ ನಿಮ್ಮ ಪುಸ್ತಕ ಇಲ್ಲದ ಮನಿ ಇಲ್ಲ. ನಿಮಗ ಸನ್ಮಾನ ಮಾಡಬೇಕಂತ ಠರಾವು ಮಾಡೀವಿ” ಎಂದರು. ಬೇರೆ ದಿನವಾಗಿದ್ದರೆ ಗಾದಿಲಿಂಗಪ್ಪನವರು ಫೋನಿನೊಳಗೇ ನುಗ್ಗಿ ಕುರುಗೋಡಿನಲ್ಲಿ ಏಳುತ್ತಿದ್ದರು. ಈಗ ಅವರ ಮನಸ್ಸಿನಲ್ಲಿ ಇದ್ದದ್ದು ಕ್ರಾಂತಿ. ಜನ ಓದದಿದ್ದರೆ ತಾವೇ ಓದಿ ಹೇಳುವುದು! ವೇದಿಕೆಯ ಮೇಲೆ, ಮೈಕಿನಲ್ಲಿ, ಗಟ್ಟಿಯಾಗಿ. ಕಣ್ಣು ಮುಚ್ಚಿಕೊಳ್ಳಬಹುದು, ಕಿವಿಗೆ ರೆಪ್ಪೆ ಇಲ್ಲವಲ್ಲ!

ಕುರುಗೋಡಿನ ಸಮುದಾಯ ಭವನ ಹೆಣ್ಣುಮಕ್ಕಳಿಂದ ತುಂಬಿತ್ತು. ಅಕ್ಕನಾಗಮ್ಮ ಸ್ವಾಗತ ಭಾಷಣದಲ್ಲಿ ಪುಸ್ತಕವನ್ನು ಕೊಂಡಾಡಿದರು. ಅದು ಜಿಗುಟು ಹಿಡಿಯುವುದಿಲ್ಲ, ಬಣ್ಣ ಬಿಡುವುದಿಲ್ಲ, ತೂಕ ಹದವಾಗಿದೆ, ತಟ್ಟೆಯಲ್ಲಿ ಜಾರುವುದಿಲ್ಲ. ಇಷ್ಟು ವಿವರವಾದ ವಿಮರ್ಶೆ ಗಾದಿಲಿಂಗಪ್ಪನವರಿಗೆ ಅದುವರೆಗೆ ದಕ್ಕಿರಲಿಲ್ಲ. ಶಾಲು ಹೊದಿಸಿದರು, ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ತಪ್ಪಾದದ್ದು ಅಲ್ಲಿ.

“ತಾಯಂದಿರೇ,” ಎಂದರು ಗಾದಿಲಿಂಗಪ್ಪನವರು. ಪೇಟ ಕಣ್ಣಿನ ಮೇಲೆ ಜಾರಿತು, ಅದನ್ನು ಮೇಲಕ್ಕೆ ದೂಡಿದರು. “ಪುಸ್ತಕ ಇರೋದು ಓದಾಕ!” ಎಂದವರೇ ಮೇಜಿನ ಮೇಲಿದ್ದ ಪ್ರತಿಯನ್ನು ಎಳೆದು, ಸಭೆಯ ಎದುರಿಗೇ ಬಿಚ್ಚಿಬಿಟ್ಟರು.

“ಅಯ್ಯಯ್ಯೋ!” ಎಂಬ ಉದ್ಗಾರ ಭವನದ ತಗಡಿಗೆ ಬಡಿಯಿತು.

“‘ನೆತ್ತಿಯ ಮೇಲೆ ನಿಂತ ಸೂರ್ಯನು ಅವನ ಅಸ್ತಿತ್ವವನ್ನು ಹುರಿಯುತ್ತಿದ್ದನು...’”

“ನಿಲ್ಲಸ್ರಿ ಸರ್ರ! ಯಾರರ ಮೈಕು ಬಂದ್ ಮಾಡ್ರಿ!” ಅಕ್ಕನಾಗಮ್ಮ ಕೂಗಿದರು. ಮುಂದಿನ ಸಾಲಿನವರು ಕಿವಿಗೆ ಸೆರಗು ತುರುಕಿಕೊಂಡರು. ಹಿಂದಿನ ಸಾಲಿನವರು ಬಾಗಿಲ ಕಡೆ ಓಡಿದರು. ಪಾರಮ್ಮ ಎಂಬಾಕೆ ತನ್ನ ಚೀಲದಲ್ಲಿದ್ದ ಪ್ರತಿಗಳಿಗೆ ಕೇಳಿಸದಿರಲೆಂದು ಚೀಲವನ್ನೇ ಅಪ್ಪಿಕೊಂಡು ಹೊರಗೆ ಹಾರಿದಳು. ಗಾದಿಲಿಂಗಪ್ಪನವರು ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡು, ಪೂರಾ ಒಂದು ಪುಟ ಓದಿಯೇ ಕೆಳಗಿಳಿದರು. ಎಷ್ಟೋ ವರ್ಷದ ಮೇಲೆ ಅವರ ಹೊಟ್ಟೆ ತಣ್ಣಗಾಗಿತ್ತು.

ತಣ್ಣಗಿದ್ದದ್ದು ಒಂದೇ ದಿನ. ಮರುದಿನ ಬೆಳಿಗ್ಗೆ ಗಾಂಧಿನಗರದ ಮನೆಯ ಮುಂದೆ ಕುರುಗೋಡಿನ ಟಂಟಂ ಆಟೊ ಬಂದು ನಿಂತಿತು, ಅದರ ಹಿಂದೆ ಇನ್ನೊಂದು. ಹಳದಿ ಪುಸ್ತಕಗಳ ರಾಶಿಯ ಮೇಲೆ ಅಕ್ಕನಾಗಮ್ಮ ಕೂತಿದ್ದರು.

“ಎಲ್ಲಾ ಪುಸ್ತಕ ಓದಿದ್ದು ಮಾಡಿಟ್ರಿ ಸರ್ರ. ಬದಲಿ ಕೊಡ್ರಿ.”

“ನಾ ಓದಿದ್ದು ಒಂದ ಪುಟ! ಅದೂ ಒಂದ ಪ್ರತಿಯಾಗ!”

“ಎಲ್ಲಾದ್ರಾಗೂ ಅದ ಪುಟ ಐತಲ್ರಿ? ಒಂದ್ ತುತ್ತು ತಿಂದ್ರೂ ತಾಟು ಮುಸುರಿನ ಅಲ್ಲೇನು? ಮುಂದಿನ ವಾರ ನಮ್ಮಲ್ಲಿ ನಾಕು ಮದುವಿ ಅದಾವ, ನಾವ್ ಏನ್ ಹಾಕೂಣು ಉಡಿಗೆ?”

ಸುದ್ದಿ ಸಿರುಗುಪ್ಪಕ್ಕೂ ಮುಟ್ಟಿ, ಸಂಜೆಯೊಳಗೆ ಅರುಣಾಳೂ ಬಸ್ಸಿನಲ್ಲಿ ಎರಡು ಗೋಣಿಚೀಲ ಹಾಕಿ ಕಳಿಸಿದಳು. ಮಂಚದ ಕೆಳಗೆ, ಅಟ್ಟದ ಮೇಲೆ, ಅಕ್ಕಿ ಡಬ್ಬಿಯಲ್ಲಿ, ಬಚ್ಚಲಲ್ಲಿ ನಿಟ್ಟುಸಿರು ತುಂಬಿತು. ಗಾದಿಲಿಂಗಪ್ಪನವರು ಮೂಲೆಯಲ್ಲಿ ಕೂತರು. ಅವರ ಕೈಲಿ ಏನೂ ಆಗುವಂತಿರಲಿಲ್ಲ. ಆಗ ಸುನಂದಮ್ಮ ಸೆರಗು ಸಿಗಿಸಿ, ಬಂದವರಿಗೆಲ್ಲ ಚಹಾ ಕೊಟ್ಟು, ಒಂದೇ ಮಾತಿನಲ್ಲಿ ವ್ಯವಹಾರ ಮುಗಿಸಿದರು.

“ಹೊಸಾ ಮುದ್ರಣ ಹಾಕಸ್ತೀವಿ. ವಾರದಾಗ ಬಂದು ಒಯ್ರಿ.”

ಹೊಸ ಮುದ್ರಣ! ಮೂಲೆಯಲ್ಲಿ ಕೂತಿದ್ದ ಗಾದಿಲಿಂಗಪ್ಪನವರು ತಟ್ಟನೆ ನೆಟ್ಟಗಾದರು. ಎರಡನೆಯ ಮುದ್ರಣ ಕಂಡ ಲೇಖಕರು ಜಿಲ್ಲೆಯಲ್ಲಿ ಎಷ್ಟು ಜನ? ದುಃಖವೆಲ್ಲ ಮರೆತು ಅಂದೇ ‘ಎರಡನೆಯ ಮುದ್ರಣಕ್ಕೆ ಎರಡು ಮಾತು’ ಎಂಬ ಮುನ್ನುಡಿಗೆ ಕೂತರು. ಎರಡು ಮಾತು ಇಪ್ಪತ್ತು ಪುಟವಾಯಿತು. ಕಂಟೋನ್ಮೆಂಟಿನಲ್ಲಿ ಪ್ರೆಸ್ಸು ಇಟ್ಟಿದ್ದ ಶರಣನ ಹತ್ತಿರ ಓಡಾಡುವ ಕೆಲಸವನ್ನು ಸುನಂದಮ್ಮನೇ ವಹಿಸಿಕೊಂಡರು. “ನೀವು ಬರಿಯೂ ಮಂದಿ, ಬರ್ಕೋತ ಕೂಡ್ರಿ” ಎಂದು ಅಕ್ಕರೆಯಿಂದ ಹೇಳಿ ಹೋದರು. ಈ ಹೆಂಗಸನ್ನು ಇಷ್ಟು ವರ್ಷ ತಾನು ಅರ್ಥ ಮಾಡಿಕೊಳ್ಳಲೇ ಇಲ್ಲವಲ್ಲ ಎಂದು ಗಾದಿಲಿಂಗಪ್ಪನವರಿಗೆ ನಿಜವಾಗಿ ಪಶ್ಚಾತ್ತಾಪವಾಯಿತು.

ವಾರದ ಕೊನೆಗೆ ಪೆಟ್ಟಿಗೆಗಳು ಬಂದವು. ಗಾದಿಲಿಂಗಪ್ಪನವರು ಒಂದನ್ನು ಬಿಚ್ಚಿ ಪುಸ್ತಕ ತೆಗೆದರು. ಅದೇ ಹಳದಿ, ಅದೇ ಸೂರ್ಯ, ಕೆಳಗೆ ‘ಎರಡನೆಯ ಮುದ್ರಣ’. ಮುನ್ನುಡಿ ಹೇಗೆ ಬಂದಿದೆ ನೋಡೋಣವೆಂದು ತೆರೆದರು. ಹಾಳೆ ಬಿಳಿ. ಮುಂದಿನದೂ ಬಿಳಿ. ನಡುವೆ ತೆರೆದರು, ಕೊನೆಯಿಂದ ತಿರುವಿದರು, ಬಿಸಿಲಿಗೆ ಹಿಡಿದು ನೋಡಿದರು. ಮುಖಪುಟದ ಹಿಂದೆ ಒಂದೇ ಒಂದು ಅಕ್ಷರವೂ ಇರಲಿಲ್ಲ.

“ಸುನಂದಾ!” ಎಂಬ ಅವರ ಕೂಗಿಗೆ ಗಾಂಧಿನಗರದ ನಾಯಿಗಳು ಎದ್ದು ನಿಂತವು. “ಶರಣ ಮೋಸ ಮಾಡ್ಯಾನ! ಒಳಗ ಏನೂ ಇಲ್ಲ!”

“ಶರಣಂದೇನು ತಪ್ಪಿಲ್ರಿ. ನಾನ ಬ್ಯಾಡ ಅಂದೆ” ಎಂದರು ಸುನಂದಮ್ಮ, ಕೈ ಒರೆಸಿಕೊಳ್ಳುತ್ತಾ ಬಂದು.

“ಯಾರೂ ಓದಂಗಿಲ್ಲ, ಶಾಯಿ ಯಾಕ ದಂಡ ಅಂತೇನು? ಓದದಿದ್ರೂ ಒಳಗ ಇರಬೇಕಲ್ಲ! ಇನ್ನೂ ಸಾವಿರ ವರ್ಷಕ್ಕ ಯಾರರ ಒಬ್ರು ತಗದು ನೋಡಬಹುದಿತ್ತಲ್ಲ!”

“ಅದಕ್ಕರೀ. ಯಾರರ ತಪ್ಪಿ ತಗದು ನೋಡಿದ್ರ ಏನ್ ಗತಿ ಅಂತ ಬ್ಯಾಡ ಅಂದೆ.”

“ಅಂದ್ರ?”

“ನಾ ಅದನ್ನ ಪೂರಾ ಓದೀನ್ರಿ.”

ಗಾದಿಲಿಂಗಪ್ಪನವರು ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಿರುಗಿ ಹುಡುಕಿದ ಓದುಗರು ತಮ್ಮ ಅಡುಗೆಮನೆಯಲ್ಲೇ ಬದನೆಕಾಯಿ ಹೆಚ್ಚುತ್ತಿದ್ದರು.

“ಪೂರಾ? ಯಾವಾಗ?”

“ನೀವು ಮೊದ್ಲ ಲೋಕಾರ್ಪಣಿಗೆ ಅಂಗಿ ಹೊಲಸಾಕ ಹೋಗಿದ್ರಲ್ಲ, ಆವಾಗ. ಎರಡು ಸಲ ಓದಿದೆ. ಹೇಳಿದ್ರ ನೊಂದ್ಕೊಂತೀರಂತ ಸುಮ್ನಾದೆ. ಅಲ್ರೀ, ಆ ನಾಯಕನ ಹೆಣ್ತಿ ಮೊದಲ್ನೇ ಅಧ್ಯಾಯದಾಗ ಗಂಡ ಬರ್ಲಿ ಅಂತ ರೊಟ್ಟಿ ಮಾಡಿ ಕಾಯ್ಕೋತ ಕುಂದ್ರತಾಳ. ಕಡೀತನಕ ಆಕಿ ಊಟನ ಮಾಡಂಗಿಲ್ಲ. ಆ ಪುಣ್ಯಾತ್ಮ ಕಲ್ಲುಬಂಡಿ ಮ್ಯಾಲೆ ಕುಂತು ಬದುಕು ಅಂದ್ರೇನು ಅಂತಾನ. ಬರದವರಿಗರ ನೆಪ್ಪಿರಬಾರದಾ, ಮನ್ಯಾಗ ಒಂದು ಜೀವ ಉಪಾಸ ಕುಂತೈತಿ ಅಂತ?”

“ಅದು ಸಂಕೇತ, ಸುನಂದಾ!”

“ಸಂಕೇತಾದ್ರ ಒಂದ್ ರೊಟ್ಟಿ ತಿನ್ನಬಾರ್ದೇನ್ರಿ?”

ಗಾದಿಲಿಂಗಪ್ಪನವರ ಎದೆಯೊಳಗೆ ವಿಚಿತ್ರವಾದ ಸಂತೋಷವೊಂದು ಏಳತೊಡಗಿತು. ಅವರ ಕಾದಂಬರಿಯನ್ನು ಒಬ್ಬರು ಎರಡು ಸಲ ಓದಿ, ಅದರೊಳಗಿನ ಹೆಂಗಸು ಉಪವಾಸವಿದ್ದಾಳೆಂದು ಇಷ್ಟು ವರ್ಷ ಹೊಟ್ಟೆಯೊಳಗಿಟ್ಟುಕೊಂಡು ಸಂಕಟಪಟ್ಟಿದ್ದಾರೆ! ಲೇಖಕನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಅಕಾಡೆಮಿ ಕೊಟ್ಟೀತು? ಅವರ ಕಣ್ಣು ಮಂಜಾಯಿತು. ಖಾಲಿ ಹಾಳೆಗಳ ಮೇಲಿನ ಸಿಟ್ಟು ಕರಗಿ ಹೋಯಿತು. ಜೇಬಿನಿಂದ ಪೆನ್ನು ತೆಗೆದು, ಕೈಯಲ್ಲಿದ್ದ ಹೊಸ ಪ್ರತಿಯ ಮೊದಲ ಬಿಳಿ ಹಾಳೆಯನ್ನು ಸವರಿ, ‘ನನ್ನ ಏಕೈಕ ಓದುಗಿ ಸುನಂದಾಳಿಗೆ’ ಎಂದು ಬರೆಯಲು ಬಾಗಿದರು.

ಸುನಂದಮ್ಮ ಹಾರಿ ಬಂದು ಪುಸ್ತಕವನ್ನು ಕಸಿದುಕೊಂಡರು.

“ಸಹಿ ಗಿಹಿ ಹಾಕಬ್ಯಾಡ್ರಿ, ಉಡಿಗೆ ಬರಂಗಿಲ್ಲ!”